ಏರಿದ್ದು ಶೇ 57 ಸರಿ, ಆದರೆ ಏರಿದ್ದು ಏನು?

ಪ್ರಶ್ನೆ: ನಾನು ಸಾಗರದ ನಿವೃತ್ತ ಶಾಲಾ ಮೇಷ್ಟ್ರು. ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಕೊರೋನಾ ಬಂದಮೇಲೆ ಅಮೆರಿಕದಲ್ಲಿ ಏಷ್ಯನ್ನರ ಮೇಲಿನ ದ್ವೇಷಾಪರಾಧ ಶೇ 150ರಷ್ಟು ಹೆಚ್ಚಾಯಿತು ಅಂತ ಒಂದು ಕಡೆ ಓದಿದ್ದೆ. ಇನ್ನೊಂದು ಕಡೆ ಅದೇ ವರ್ಷ ದ್ವೇಷಾಪರಾಧ ಕಡಿಮೆಯಾಯಿತು ಅಂತಿತ್ತು. ಎರಡೂ ಕಡೆ ‘ಅಧ್ಯಯನ ಹೇಳಿದೆ’ ಎಂದೇ ಬರೆದಿದ್ದರು. ಇಂಥ ಅಧ್ಯಯನಗಳನ್ನು ಪತ್ರಿಕೆ, ಟಿವಿಯವರು ಸರಿಯಾಗಿ ಬರೆಯುತ್ತಾರೆಯೇ? ನಮ್ಮಂಥವರು ಯಾರನ್ನು ನಂಬಬೇಕು?

ಉತ್ತರ: ಮೇಷ್ಟ್ರೇ, ನೀವು ಓದಿದ ಎರಡೂ ಸುದ್ದಿ ಒಂದೇ ವರದಿಯಿಂದ ಬಂದಿರಬಹುದು. ದ್ವೇಷಾಪರಾಧ ಅಂದರೆ ಒಬ್ಬನ ಬಣ್ಣ, ಧರ್ಮ, ಜಾತಿಯಂಥದ್ದನ್ನು ನೋಡಿ ಎಸಗುವ ಅಪರಾಧ.

2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಸ್ಯಾನ್ ಬರ್ನಾರ್ಡಿನೊ ಕ್ಯಾಂಪಸ್ಸಿನ ಅಧ್ಯಯನ ಕೇಂದ್ರವೊಂದು ಪುಟ್ಟ ವರದಿ ಹೊರತಂದಿತು. ದ್ವೇಷ, ಉಗ್ರವಾದದ ಮೇಲೆ ಕೆಲಸ ಮಾಡುವ ಕೇಂದ್ರ ಅದು. ಅಮೆರಿಕದ 16 ದೊಡ್ಡ ನಗರಗಳ ಪೊಲೀಸ್ ಅಂಕಿ ಒಟ್ಟುಹಾಕಿದ್ದರು. ಏಷ್ಯನ್ನರ ಮೇಲಿನ ದ್ವೇಷಾಪರಾಧ ಎಂದು ಆ ನಗರಗಳಲ್ಲಿ 2019ರಲ್ಲಿ ದಾಖಲಾದವು 49. 2020ರಲ್ಲಿ 122. ಲೆಕ್ಕ ಹಾಕಿದರೆ ಶೇ 149ರಷ್ಟು ಹೆಚ್ಚಳ. ಅದೇ ವರದಿಯಲ್ಲಿ, ಅದೇ ನಗರಗಳಲ್ಲಿ, ಎಲ್ಲ ಸಮುದಾಯಗಳ ಮೇಲಿನ ಒಟ್ಟು ದ್ವೇಷಾಪರಾಧ ಸುಮಾರು ಶೇ 7ರಷ್ಟು ಇಳಿದಿತ್ತು. ಲಾಕ್‌ಡೌನ್ ವರ್ಷ ಅಲ್ವಾ, ಜನ ಬೀದಿಗೆ ಬಂದಿದ್ದೇ ಕಮ್ಮಿ. ಒಬ್ಬ ಸುದ್ದಿ ಸಂಪಾದಕ ಮೊದಲನೇ ಅಂಕಿ ಎತ್ತಿಕೊಂಡ, ಇನ್ನೊಬ್ಬ ಎರಡನೇದನ್ನು. ಇಬ್ಬರೂ ಸುಳ್ಳು ಬರೆಯಲಿಲ್ಲ. ಆದರೆ ದಾರಿಯಲ್ಲಿ ‘16 ನಗರ’ ಎಂಬುದು ಎಷ್ಟೋ ಕಡೆ ‘ಅಮೆರಿಕ’ ಆಗಿಬಿಟ್ಟಿತು. 49 ಮತ್ತು 122 ಎಂಬ ಮೂಲ ಸಂಖ್ಯೆಗಳು ಉದುರಿಹೋದವು. ನ್ಯೂಯಾರ್ಕ್ ನಗರ ಒಂದರಲ್ಲೇ ಶೇ 833 ಹೆಚ್ಚಳ ಎಂದು ಬಂತು. 3 ಇದ್ದದ್ದು 28 ಆಗಿತ್ತು. 28 ಕುಟುಂಬಗಳಿಗೆ ಅದು ಸಣ್ಣ ವಿಷಯ ಅಲ್ಲ. ಆದರೆ ‘ಶೇ 833’ ಎಂದು ಓದಿದವರ ತಲೆಯಲ್ಲಿ ಮೂಡುವ ನ್ಯೂಯಾರ್ಕೇ ಬೇರೆ.

ನಾನು ಹದಿನಾಲ್ಕು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತಿದ್ದವನು. ಈಗ ಪತ್ರಿಕೋದ್ಯಮ ಓದುವ ಹುಡುಗರಿಗೆ ಅಂಕಿಅಂಶ ಓದುವುದನ್ನು ಹೇಳಿಕೊಡುತ್ತೇನೆ. ದ್ವೇಷಾಪರಾಧದ ಸುದ್ದಿಗಳಲ್ಲಿ ಅಂಕಿಯೇ ತಪ್ಪಾಗಿದ್ದನ್ನು ನಾನು ನೋಡಿದ್ದು ಕಡಿಮೆ. ನೀವು ವ್ಯಾಕರಣ ಹೇಳಿಕೊಟ್ಟವರು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ: ಸಂಖ್ಯಾವಾಚಕ ಸರಿ ಇರುತ್ತದೆ, ಅದರ ಪಕ್ಕದ ನಾಮಪದ ಬದಲಾಗಿರುತ್ತದೆ. ದೂರು ಹೋಗಿ ಅಪರಾಧ ಆಗುತ್ತದೆ. ಘಟನೆ ಹೋಗಿ ಅಪರಾಧ ಆಗುತ್ತದೆ. ಹದಿನಾರು ಊರು ಹೋಗಿ ದೇಶ ಆಗುತ್ತದೆ. ‘ಆದಮೇಲೆ’ ಎಂಬುದು ‘ಆದ್ದರಿಂದ’ ಎಂದಾಗುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನೇ ಹೇಳಿಬಿಡುತ್ತೇನೆ.

2016ರ ಜೂನ್ ಕೊನೆ. ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಬ್ರಿಟನ್ ಜನ ಮತ ಹಾಕಿ ನಾಲ್ಕು ದಿನ ಆಗಿತ್ತು. ರಾತ್ರಿ ಪಾಳಿ. ವಿದೇಶ ಪುಟ ನನ್ನದು. ಹತ್ತೂವರೆ ಹೊತ್ತಿಗೆ ಏಜೆನ್ಸಿಯಿಂದ ಒಂದು ಕಾಪಿ ಬಂತು. ಬ್ರಿಟನ್ನಿನ ಪೊಲೀಸ್ ಮುಖ್ಯಸ್ಥರ ಮಂಡಳಿ ದ್ವೇಷಾಪರಾಧದ ಬಗ್ಗೆ ಅಂಕಿ ಕೊಟ್ಟಿದೆ, ಶೇ 57 ಹೆಚ್ಚಳ ಎಂದು. ಪುಟದಲ್ಲಿ ಉಳಿದಿದ್ದು ಸಿಂಗಲ್ ಕಾಲಂ ಜಾಗ. ‘ಬ್ರಿಟನ್: ದ್ವೇಷಾಪರಾಧ ಶೇ 57 ಏರಿಕೆ’ ಎಂದು ಹೆಡ್ಡಿಂಗ್ ಕೊಟ್ಟೆ. ಕಾಪಿ ಉದ್ದ ಆಯಿತು ಅಂತ ಪುಟ ಕಟ್ಟುವವರು ಕೂಗಿದರು. ಎಲ್ಲರೂ ಮಾಡುವಂತೆ ಕೆಳಗಿನಿಂದ ಎರಡು ಪ್ಯಾರಾ ಕತ್ತರಿಸಿ ಕೈತೊಳೆದುಕೊಂಡೆ.

ಕತ್ತರಿಸಿದ ಆ ಎರಡು ಪ್ಯಾರಾದಲ್ಲೇ ಅಸಲಿ ವಿಷಯ ಇತ್ತು. ಬ್ರಿಟನ್ ಪೊಲೀಸರದ್ದು ‘ಟ್ರೂ ವಿಷನ್’ ಎಂಬ ವೆಬ್‌ಸೈಟ್ ಇದೆ. ದ್ವೇಷಾಪರಾಧದ ದೂರನ್ನು ಮನೆಯಿಂದಲೇ ಕೊಡಬಹುದು. ಮತದಾನದ ಗುರುವಾರದಿಂದ ಭಾನುವಾರದವರೆಗೆ ಅಲ್ಲಿಗೆ ಬಂದ ದೂರು 85. ನಾಲ್ಕು ವಾರ ಹಿಂದಿನ ಅದೇ ನಾಲ್ಕು ದಿನಗಳಲ್ಲಿ ಬಂದಿದ್ದು 54. ಶೇ 57 ಅಂದರೆ ಇಷ್ಟೇ. ಒಂದು ವೆಬ್‌ಸೈಟು, ನಾಲ್ಕು ದಿನ, 31 ದೂರು ಜಾಸ್ತಿ. ಇದನ್ನು ಇಡೀ ದೇಶದಲ್ಲಿ ದ್ವೇಷಾಪರಾಧ ಶೇ 57 ಏರಿತು ಎಂದು ಓದಬೇಡಿ, ಒಂದು ದಾರಿಯಲ್ಲಿ ಬರುವ ದೂರುಗಳಷ್ಟೇ ಏರಿವೆ ಎಂದು ಪೊಲೀಸ್ ಮಂಡಳಿಯೇ ಸ್ಪಷ್ಟವಾಗಿ ಹೇಳಿತ್ತು. ಅವರು ಹೇಳಿದ್ದರು, ನಾನು ಕತ್ತರಿಸಿದೆ. ನಾನೊಬ್ಬನೇ ಅಲ್ಲ ಎಂಬುದು ಸಮಾಧಾನವೂ ಅಲ್ಲ. ಆ ವಾರ ಎಷ್ಟೋ ದೇಶಗಳ ಪತ್ರಿಕೆಗಳಲ್ಲಿ ಅದೇ ಹೆಡ್ಡಿಂಗ್ ಇತ್ತು.

ಇದು ಯಾಕೆ ಹೀಗಾಗುತ್ತದೆ ಅಂದರೆ, ಸುದ್ದಿ ಬರೆಯುವ ಪದ್ಧತಿಯೇ ಹಾಗಿದೆ. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿ. ಸಂಶೋಧಕರ ಎಚ್ಚರಿಕೆಯ ಮಾತು ಯಾವಾಗಲೂ ಕೆಳಗೆ ಕೂತಿರುತ್ತದೆ. ಅಪಘಾತದ ಸುದ್ದಿಗೆ ಈ ಪದ್ಧತಿ ಚೆನ್ನ. ಅಧ್ಯಯನದ ಸುದ್ದಿಗೆ ಮಾರಕ.

ಹಾಗಾದರೆ ಬ್ರಿಟನ್ನಿನಲ್ಲಿ ಏನೂ ಆಗಿರಲಿಲ್ಲವೇ? ಆಗಿತ್ತು. ಇದನ್ನು ಹೇಳದೆ ಬಿಟ್ಟರೆ ನಾನೂ ಅದೇ ತಪ್ಪು ಮಾಡಿದ ಹಾಗೆ, ಆ ಕಡೆಯಿಂದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಗೃಹ ಇಲಾಖೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ದಾಖಲೆಗಳನ್ನು ಹೊರಹಾಕಿತು. ಜನಾಂಗ ಅಥವಾ ಧರ್ಮದ ದ್ವೇಷ ಸೇರಿದ ಅಪರಾಧಗಳು 2015ರ ಜುಲೈನಲ್ಲಿ 3,886. 2016ರ ಜುಲೈನಲ್ಲಿ 5,468. ಶೇ 41 ಹೆಚ್ಚಳ. ಇದು ಗಟ್ಟಿ ಅಂಕಿ. ದೊಡ್ಡ ಸಂಖ್ಯೆ, ಎರಡು ಪ್ರಾಂತ್ಯದ ಪೊಲೀಸ್ ದಾಖಲೆ, ಒಂದೇ ತಿಂಗಳ ಹೋಲಿಕೆ. ತಮಾಷೆ ನೋಡಿ, ಸಡಿಲವಾದ ಶೇ 57 ಎಲ್ಲರ ಬಾಯಲ್ಲಿ ಉಳಿಯಿತು. ನಾಲ್ಕು ತಿಂಗಳು ತಡವಾಗಿ ಬಂದ ಶೇ 41 ನಮ್ಮ ಕಡೆ ಎಷ್ಟು ಪತ್ರಿಕೆಯಲ್ಲಿ ಬಂದಿತ್ತೋ. ನಾನಂತೂ ಹಾಕಲಿಲ್ಲ. ಹಳೇ ಸುದ್ದಿ ಅನಿಸಿತ್ತು.

ಬ್ರಿಟನ್ನಿನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಪೊಲೀಸ್ ದಾಖಲೆಯಲ್ಲಿ ದ್ವೇಷಾಪರಾಧ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. 2012-13ರಲ್ಲಿ 42,255 ಇದ್ದದ್ದು 2018-19ಕ್ಕೆ 1,03,379. ಪ್ರತಿ ಅಕ್ಟೋಬರ್‌ನಲ್ಲೂ ‘ದಾಖಲೆ ಮಟ್ಟಕ್ಕೆ ದ್ವೇಷಾಪರಾಧ’ ಎಂಬ ಹೆಡ್ಡಿಂಗ್ ಖಾಯಂ. ಆದರೆ ಅದೇ ಸರ್ಕಾರ ಇನ್ನೊಂದು ಎಣಿಕೆಯನ್ನೂ ಮಾಡುತ್ತದೆ. ಮನೆಮನೆಗೆ ಹೋಗಿ, ನಿಮಗೆ ಈ ವರ್ಷ ಏನಾದರೂ ಆಯಿತೇ, ಪೊಲೀಸರಿಗೆ ಹೇಳಿದಿರೋ ಇಲ್ಲವೋ ಬಿಡಿ, ಆಯಿತೇ ಎಂದು ಕೇಳುವ ಸಮೀಕ್ಷೆ. ಅದರ ಅಂದಾಜು 2007-09ರ ಸುಮಾರಿಗೆ ವರ್ಷಕ್ಕೆ 3,07,000 ಇದ್ದದ್ದು 2017-20ರ ಹೊತ್ತಿಗೆ 1,90,000ಕ್ಕೆ ಇಳಿಯಿತು. ಒಂದು ಗೆರೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ!

ಎರಡೂ ನಿಜ ಇರಲು ಸಾಧ್ಯ. ಆಗುವ ಅಪರಾಧ ಕಮ್ಮಿಯಾಗುತ್ತಾ, ಠಾಣೆಗೆ ಹೋಗುವವರು ಜಾಸ್ತಿಯಾಗುತ್ತಾ, ಬರೆದುಕೊಳ್ಳುವ ಪೊಲೀಸರು ಚುರುಕಾಗುತ್ತಾ ಹೋದರೆ ಹೀಗೇ ಆಗುತ್ತದೆ. ಇದಕ್ಕೊಂದು ಹಿನ್ನೆಲೆ ಇದೆ. 1993ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ವರ್ಣದ ಹುಡುಗನ ಕೊಲೆಯಾಯಿತು. ಪೊಲೀಸರು ತನಿಖೆಯನ್ನು ಹಾಳುಗೆಡವಿದರು. ಮ್ಯಾಕ್‌ಫರ್ಸನ್ ವಿಚಾರಣಾ ವರದಿ 1999ರಲ್ಲಿ ಒಂದು ಮಾತು ಹೇಳಿತು: ತೊಂದರೆಗೊಳಗಾದವನಿಗೋ, ಬೇರೆ ಯಾರಿಗಾದರೂ ಸರಿ, ಇದು ಜನಾಂಗ ದ್ವೇಷದಿಂದ ಆಗಿದ್ದು ಅನಿಸಿದರೆ ಪೊಲೀಸರು ಹಾಗೇ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಎಷ್ಟೋ ದೂರುಗಳನ್ನು ‘ಸುಮ್ನೆ ಹುಡುಗರ ಜಗಳ’ ಎಂದು ತಳ್ಳಿಹಾಕುತ್ತಿದ್ದರು. ಬರೆದುಕೊಳ್ಳಲು ಶುರುಮಾಡಿದರೆ ಅಂಕಿ ಏರದೆ ಇರುತ್ತದೆಯೇ? ಗೃಹ ಇಲಾಖೆಯೂ ತನ್ನ ವರದಿಗಳಲ್ಲಿ ಇದನ್ನು ಹೇಳುತ್ತಲೇ ಬಂದಿದೆ: ದಾಖಲಿಸುವುದು ಸುಧಾರಿಸಿದ್ದು ಒಂದು ಕಾರಣ, ಕೆಲವು ಘಟನೆಗಳ ಸುತ್ತ ನಿಜವಾಗಿಯೂ ಏರಿದ್ದು ಇನ್ನೊಂದು ಕಾರಣ. ಹೆಡ್ಡಿಂಗ್‌ಗೆ ಎರಡು ಕಾರಣ ಹಿಡಿಸುವುದಿಲ್ಲ.

ಇಲ್ಲಿ ಕನ್ನಡದ್ದೇ ಒಂದು ತೊಡಕೂ ಇದೆ. ನಮ್ಮ ಅಪರಾಧ ಪುಟಗಳಲ್ಲಿ ‘ಹಳೇ ದ್ವೇಷ: ಯುವಕನ ಕೊಲೆ’ ಎಂಬ ಹೆಡ್ಡಿಂಗ್ ಎಷ್ಟು ಸಲ ನೋಡಿಲ್ಲ ನೀವು? ಜಮೀನಿನ ತಕರಾರು, ದುಡ್ಡಿನ ವ್ಯವಹಾರ, ಹುಡುಗಿ ವಿಷಯ, ಏನೋ ಒಂದು. ಆ ದ್ವೇಷ ಒಬ್ಬ ಮನುಷ್ಯನ ಮೇಲೆ. ‘ದ್ವೇಷಾಪರಾಧ’ ಅದಕ್ಕೆ ತದ್ವಿರುದ್ಧ. ಹೊಡೆದವನಿಗೆ ಎಷ್ಟೋ ಸಲ ಹೊಡೆಸಿಕೊಂಡವನ ಹೆಸರೂ ಗೊತ್ತಿರುವುದಿಲ್ಲ. ಅವನ ಬಣ್ಣ, ಜಾತಿ, ಧರ್ಮ, ಭಾಷೆ ಏನೋ ಒಂದು ನೋಡಿ ಹೊಡೆದಿರುತ್ತಾನೆ. ನಮ್ಮ ಡೆಸ್ಕಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಅಮೆರಿಕದ ದ್ವೇಷಾಪರಾಧದ ಸುದ್ದಿಯೊಂದಕ್ಕೆ ‘ಹಳೇ ವೈಷಮ್ಯಕ್ಕೆ ಭಾರತೀಯನ ಮೇಲೆ ಹಲ್ಲೆ’ ಎಂದು ಹೆಡ್ಡಿಂಗ್ ಕೊಟ್ಟಿದ್ದ. ನಾವೆಲ್ಲ ನಕ್ಕೆವು. ಆಮೇಲೆ ಯೋಚಿಸಿದರೆ, ಓದುಗರಲ್ಲಿ ಎಷ್ಟು ಜನ ನಮ್ಮ ‘ದ್ವೇಷಾಪರಾಧ’ವನ್ನು ಅವನ ಹಾಗೇ ಅರ್ಥ ಮಾಡಿಕೊಳ್ಳುತ್ತಿದ್ದರೋ ಅನಿಸಿತು.

ವಿಭಕ್ತಿಯ ಎಡವಟ್ಟು ಇನ್ನೊಂದು. ‘ಶೇ 17ರಷ್ಟು ಏರಿಕೆ’ ಬೇರೆ, ‘ಶೇ 17ಕ್ಕೆ ಏರಿಕೆ’ ಬೇರೆ. ನೀವು ಮಕ್ಕಳಿಗೆ ಕೆಂಪು ಶಾಯಿಯಲ್ಲಿ ತಿದ್ದಿರುತ್ತೀರಿ. ಸುದ್ದಿಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ತಿದ್ದುವವರು ಯಾರೂ ಇರುವುದಿಲ್ಲ. ಶೇ 226 ಹೆಚ್ಚಳ ಅಂದರೆ ಮೂರು ಪಟ್ಟಿಗಿಂತ ಮೇಲಾಯಿತು ಎಂದರ್ಥ. ಅದನ್ನು ‘ಎರಡು ಪಟ್ಟು’ ಎಂದು ಬರೆದದ್ದನ್ನೂ ನಾನು ನೋಡಿದ್ದೇನೆ.

ಶೇ 226 ಎಂಬುದನ್ನು ಸುಮ್ನೆ ಉದಾಹರಣೆಗೆ ಎತ್ತಿಕೊಳ್ಳಲಿಲ್ಲ. ಇಂಥ ಅಧ್ಯಯನಗಳ ಪೈಕಿ ಇದಕ್ಕಿಂತ ಪಾಠ ಕಲಿಸುವುದು ಇನ್ನೊಂದಿಲ್ಲ. ನನ್ನ ತರಗತಿಯಲ್ಲಿ ಪ್ರತಿವರ್ಷ ಇದಕ್ಕೇ ಒಂದು ವಾರ ಹೋಗುತ್ತದೆ.

2019ರ ಮಾರ್ಚ್‌ನಲ್ಲಿ ಅಮೆರಿಕದ ಮೂವರು ರಾಜಕೀಯ ವಿಜ್ಞಾನಿಗಳು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಒಂದು ಲೇಖನ ಬರೆದರು. ಅಯಾಲ್ ಫೈನ್‌ಬರ್ಗ್, ರೆಜಿನಾ ಬ್ರಾಂಟನ್, ವ್ಯಾಲರಿ ಮಾರ್ಟಿನೆಜ್-ಎಬರ್ಸ್ ಎಂದು ಅವರ ಹೆಸರು. 2016ರಲ್ಲಿ ಟ್ರಂಪ್ ಪ್ರಚಾರ ಸಭೆ ನಡೆದ ಕೌಂಟಿಗಳನ್ನೂ, ಅವುಗಳಂತೆಯೇ ಇದ್ದು ಸಭೆ ನಡೆಯದ ಕೌಂಟಿಗಳನ್ನೂ ಹೋಲಿಸಿದ್ದರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಸಭೆ ನಡೆದ ಕಡೆ ದ್ವೇಷದ ಘಟನೆಗಳು ಶೇ 226 ಹೆಚ್ಚು ಎಂಬುದು ಅವರ ಲೆಕ್ಕ. ಸುದ್ದಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಟಿವಿ ಚರ್ಚೆಗಳಲ್ಲಿ, ರಾಜಕಾರಣಿಗಳ ಬಾಯಲ್ಲಿ ‘ಟ್ರಂಪ್ ಸಭೆಯಿಂದ ದ್ವೇಷಾಪರಾಧ ಶೇ 226 ಏರಿತು’ ಎಂದಾಯಿತು.

ಇಲ್ಲಿ ಎಷ್ಟು ನಾಮಪದ ಬದಲಾಯಿತು ನೋಡಿ. ಅವರು ಬಳಸಿದ್ದು ಪೊಲೀಸರ ಅಪರಾಧ ಪಟ್ಟಿಯಲ್ಲ. ಯಹೂದಿ ವಿರೋಧದ ವಿರುದ್ಧ ಕೆಲಸ ಮಾಡುವ ಆಂಟಿ ಡಿಫಮೇಶನ್ ಲೀಗ್ ಎಂಬ ಸಂಸ್ಥೆ ಕಲೆಹಾಕುವ ಘಟನೆಗಳ ನಕ್ಷೆ. ಅದರಲ್ಲಿ ಹಲ್ಲೆಯೂ ಇರುತ್ತದೆ, ದ್ವೇಷದ ಕರಪತ್ರ ಹಂಚಿದ್ದೂ ಇರುತ್ತದೆ. ಕರಪತ್ರ ಹಂಚುವುದು ಅಸಹ್ಯ. ಆದರೆ ಅಮೆರಿಕದ ಕಾನೂನಿನಲ್ಲಿ ಎಲ್ಲ ಸಲವೂ ಅಪರಾಧ ಅಲ್ಲ. ಎರಡನೇದು, ಸಭೆಯ ಮಾತೇ ಇದಕ್ಕೆ ಕಾರಣ ಎಂದು ಖಚಿತವಾಗಿ ಹೇಳಲಾರೆವು ಎಂದು ಲೇಖಕರೇ ಬರೆದಿದ್ದರು. ಅದು ಲೇಖನದ ಕೆಳಗಡೆ ಇತ್ತು. ಕೆಳಗಡೆ ಇದ್ದದ್ದಕ್ಕೆ ಏನಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ. ಜೊತೆಗೆ, ಆ ಹೊತ್ತಿಗೆ ಅದಿನ್ನೂ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಗಿರಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಹಾರ್ವರ್ಡ್‌ನ ಇಬ್ಬರು ಪಿಎಚ್‌.ಡಿ ವಿದ್ಯಾರ್ಥಿಗಳು, ಮ್ಯಾಥ್ಯೂ ಲಿಲ್ಲಿ ಮತ್ತು ಬ್ರಯಾನ್ ವೀಟನ್, ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ಒಂದು ಉಪಾಯ ಮಾಡಿದರು. ಟ್ರಂಪ್ ಜಾಗದಲ್ಲಿ ಅವರ ಎದುರಾಳಿ ಹಿಲರಿ ಕ್ಲಿಂಟನ್ ಸಭೆಗಳನ್ನು ಇಟ್ಟರು. ಕ್ಲಿಂಟನ್ ಸಭೆ ನಡೆದ ಕೌಂಟಿಗಳಲ್ಲಿ ಏರಿಕೆ ಇನ್ನೂ ಜಾಸ್ತಿ ಬಂತು! ಕ್ಲಿಂಟನ್ ದ್ವೇಷ ಹಬ್ಬಿಸಿದರು ಎಂದು ಅದರರ್ಥ ಅಲ್ಲ. ಪ್ರಚಾರ ಸಭೆಯನ್ನು ಯಾರೇ ಮಾಡಿದರೂ ಜನ ಜಾಸ್ತಿ ಇರುವ ಕಡೆ ಮಾಡುತ್ತಾರೆ. ಜನ ಜಾಸ್ತಿ ಇರುವ ಕಡೆ ಎಲ್ಲವೂ ಜಾಸ್ತಿ: ಹೋಟೆಲು, ಮದುವೆ, ಕಳ್ಳತನ, ದ್ವೇಷದ ಘಟನೆ. ದಾವಣಗೆರೆಯಲ್ಲಿ ಸಮಾವೇಶ ಆಗುತ್ತದೆ, ಜಗಳೂರಿನ ಹಳ್ಳಿಯಲ್ಲಿ ಆಗುವುದಿಲ್ಲ. ದಾವಣಗೆರೆಯಲ್ಲಿ ಬೈಕ್ ಕಳ್ಳತನ ಹೆಚ್ಚು ಅಂದರೆ ಅದಕ್ಕೆ ಸಮಾವೇಶ ಕಾರಣವೇ? ಜನಸಂಖ್ಯೆಯನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ಟ್ರಂಪ್ ಸಭೆಯ ಪರಿಣಾಮ ಸೊನ್ನೆಯಿಂದ ಬೇರೆ ಎಂದು ಹೇಳಲಾಗದಷ್ಟು ಇಳಿಯಿತು ಎಂಬುದು ಅವರ ಫಲಿತಾಂಶ.

ಮೊದಲ ಸುದ್ದಿ ಹೋದಷ್ಟು ದೂರ ಈ ಸುದ್ದಿ ಹೋಗಲಿಲ್ಲ. ಹೋದಲ್ಲಿ ಮತ್ತೊಂದು ವೇಷ ಹಾಕಿತು: ‘ಟ್ರಂಪ್‌ಗೂ ದ್ವೇಷಾಪರಾಧಕ್ಕೂ ಸಂಬಂಧ ಇಲ್ಲವೆಂದು ಸಾಬೀತು’ ಎಂದು. ಹಾಗೆ ಸಾಬೀತಾಗಿರಲಿಲ್ಲ. ಆ ಒಂದು ಲೆಕ್ಕದಿಂದ ಆ ತೀರ್ಮಾನಕ್ಕೆ ಬರಲಾಗದು ಎಂಬುದಷ್ಟೇ ಅವರು ತೋರಿಸಿದ್ದು. ಮೂಲ ಲೇಖಕರ ಪ್ರಬಂಧ ಮುಂದೆ 2022ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಬಂತು. ಅಂದರೆ ಪಂಡಿತರ ಮಧ್ಯೆ ವಾದ ನಡೆಯುತ್ತಿತ್ತು. ಪತ್ರಿಕೆಗಳು ಮಾತ್ರ ಎರಡು ಸಲ ತೀರ್ಪು ಕೊಟ್ಟು ಮುಗಿಸಿದ್ದವು.

ಈವರೆಗೆ ಹೇಳಿದ್ದರಲ್ಲಿ ಮಾಧ್ಯಮ ಉಬ್ಬಿಸಿ ಬರೆದ ಕತೆಗಳೇ ಜಾಸ್ತಿ. ‘ಹಾಗಾದರೆ ದ್ವೇಷಾಪರಾಧ ಎಲ್ಲ ಬರೀ ಗುಲ್ಲು’ ಎಂದು ನಿಮ್ಮ ಗೆಳೆಯರ ಗುಂಪಿನಲ್ಲಿ ಯಾರಾದರೂ ಹೇಳುವ ಮೊದಲು ಇನ್ನೊಂದು ಬದಿಯನ್ನೂ ನೋಡಿ.

ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ ಎಫ್‌ಬಿಐ ದ್ವೇಷಾಪರಾಧದ ಅಂಕಿ ಸಂಗ್ರಹಿಸುತ್ತದೆ. ಆದರೆ ಊರಿನ ಪೊಲೀಸರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಡ್ಡಾಯ ಅಲ್ಲ. 2017ರಲ್ಲಿ 16,149 ಪೊಲೀಸ್ ಸಂಸ್ಥೆಗಳು ಅಂಕಿ ಕೊಟ್ಟವು. ಅವುಗಳಲ್ಲಿ ಒಂದಾದರೂ ದ್ವೇಷಾಪರಾಧ ಆಗಿದೆ ಎಂದವು 2,040. ಉಳಿದವೆಲ್ಲ ಸೊನ್ನೆ. ಎಂಟರಲ್ಲಿ ಏಳು ಕಡೆ ಇಡೀ ವರ್ಷ ಒಂದೂ ಇಲ್ಲವಂತೆ! ಆ ವರ್ಷದ ಒಟ್ಟು 7,175. ಹಿಂದಿನ ವರ್ಷಕ್ಕಿಂತ ಶೇ 17 ಹೆಚ್ಚು ಎಂದು ಹೆಡ್ಡಿಂಗ್ ಬಂತು. ಅಂಕಿ ಕೊಟ್ಟ ಸಂಸ್ಥೆಗಳೂ ಸಾವಿರದ ಹತ್ತಿರ ಹೆಚ್ಚಿದ್ದವು ಎಂಬುದು ಒಳಗೆಲ್ಲೋ ಇತ್ತು. ಅದೇ ದೇಶದಲ್ಲಿ ನ್ಯಾಯ ಇಲಾಖೆ ಮನೆಮನೆ ಸಮೀಕ್ಷೆ ಮಾಡಿ ಕೇಳಿದರೆ, 2004ರಿಂದ 2015ರವರೆಗೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಎಂದು ಅಂದಾಜು ಸಿಕ್ಕಿತು. ಏಳು ಸಾವಿರ ಎಲ್ಲಿ, ಎರಡೂವರೆ ಲಕ್ಷ ಎಲ್ಲಿ? ಅರ್ಧಕ್ಕಿಂತ ಹೆಚ್ಚು ಜನ ಪೊಲೀಸರ ಹತ್ತಿರ ಹೋಗಿರಲೇ ಇಲ್ಲ. ಹೋದವರದ್ದೂ ಎಲ್ಲವೂ ‘ದ್ವೇಷ’ ಎಂಬ ಕಾಲಂಗೆ ಬರಲಿಲ್ಲ.

2022ರ ಡಿಸೆಂಬರ್‌ನಲ್ಲಿ ಎಫ್‌ಬಿಐ 2021ರ ಅಂಕಿ ಕೊಟ್ಟಿತು. 8,263 ಇದ್ದದ್ದು 7,262ಕ್ಕೆ ಇಳಿದಿತ್ತು. ‘ದ್ವೇಷಾಪರಾಧ ಇಳಿಕೆ’ ಎಂದು ಬರೆದವರಿದ್ದಾರೆ. ಅಸಲಿಗೆ ಆ ವರ್ಷ ಅಂಕಿ ಕಳಿಸುವ ಕಂಪ್ಯೂಟರ್ ಪದ್ಧತಿ ಬದಲಾಗಿತ್ತು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಮಹಾನಗರಗಳೇ ಪಟ್ಟಿಯಲ್ಲಿ ಇರಲಿಲ್ಲ. ನ್ಯೂಯಾರ್ಕನ್ನು ಬಿಟ್ಟು ಅಮೆರಿಕದ ದ್ವೇಷಾಪರಾಧ ಎಣಿಸುವುದು, ಬೆಂಗಳೂರು ಬಿಟ್ಟು ಕರ್ನಾಟಕದ ಟ್ರಾಫಿಕ್ ಎಣಿಸಿದ ಹಾಗೆ. ಮೂರು ತಿಂಗಳ ನಂತರ ಬಿಟ್ಟುಹೋದವರನ್ನು ಸೇರಿಸಿ ಮತ್ತೆ ಕೊಟ್ಟರು: 10,840. ಇಳಿದಿರಲಿಲ್ಲ, ಏರಿತ್ತು. ಕೆಲವು ಒಳ್ಳೆಯ ಪತ್ರಿಕೆಗಳು ಡಿಸೆಂಬರ್‌ನಲ್ಲೇ ‘ಈ ಅಂಕಿ ಅಪೂರ್ಣ’ ಎಂದು ಹೆಡ್ಡಿಂಗ್‌ನಲ್ಲೇ ಹಾಕಿದ್ದವು. ಆ ಒಂದು ಪದಕ್ಕೆ ಜಾಗ ಮಾಡಿದವರ ಮೇಲೆ ನನಗೆ ಗೌರವ.

ತಪ್ಪು ಎಲ್ಲ ಡೆಸ್ಕಿನವರದ್ದೇ ಅಂತಲ್ಲ. ವಿಶ್ವವಿದ್ಯಾಲಯಗಳು, ಸಂಘಸಂಸ್ಥೆಗಳು ಕಳಿಸುವ ಪತ್ರಿಕಾ ಹೇಳಿಕೆಗಳನ್ನು ನೋಡಬೇಕು ನೀವು. ಕಾರ್ಡಿಫ್ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಆರೋಗ್ಯ ಸಂಶೋಧನೆಯ 462 ಪತ್ರಿಕಾ ಹೇಳಿಕೆಗಳನ್ನು, ಮೂಲ ಪ್ರಬಂಧಗಳನ್ನು, ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿತು. ಮೂರರಲ್ಲಿ ಒಂದು ಹೇಳಿಕೆಯಲ್ಲಿ ಕಾರಣ-ಪರಿಣಾಮದ ಮಾತು ಮೂಲ ಪ್ರಬಂಧಕ್ಕಿಂತ ಜೋರಾಗಿತ್ತು. ಹೇಳಿಕೆ ಉಬ್ಬಿದ್ದರೆ ಸುದ್ದಿಯೂ ಉಬ್ಬುವುದು ಬಹಳ ಹೆಚ್ಚು. ಹೇಳಿಕೆ ನೆಟ್ಟಗಿದ್ದರೆ ಸುದ್ದಿಯೂ ಹೆಚ್ಚುಕಮ್ಮಿ ನೆಟ್ಟಗೆ. ಅದು ಆರೋಗ್ಯದ ವಿಷಯ, ದ್ವೇಷಾಪರಾಧದ್ದಲ್ಲ. ಆದರೆ ಡೆಸ್ಕಿಗೆ ಬರುವ ದಾರಿ ಎರಡಕ್ಕೂ ಒಂದೇ.

ಹೇಳಿಕೆ ನೆಟ್ಟಗಿದ್ದೂ ಸುದ್ದಿ ಸೊಟ್ಟಗಾಗುವುದೂ ಉಂಟು. ಕೊರೋನಾ ಕಾಲದಲ್ಲಿ ಅಮೆರಿಕದ ‘ಸ್ಟಾಪ್ ಎಎಪಿಐ ಹೇಟ್’ (ಎಎಪಿಐ ಅಂದರೆ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ಅಮೆರಿಕನ್ನರು) ಎಂಬ ಒಕ್ಕೂಟಕ್ಕೆ ಸುಮಾರು ಒಂದು ವರ್ಷದಲ್ಲಿ 3,795 ದೂರು ಬಂದವು. ಅವುಗಳಲ್ಲಿ ಶೇ 68 ಬೈಗುಳ, ಅವಮಾನ. ಶೇ 20ರಷ್ಟು ಬೇಕೆಂದೇ ದೂರ ಸರಿಯುವುದು. ಕೈಮಾಡಿದ್ದು ಶೇ 11. ಒಕ್ಕೂಟ ಇದನ್ನೆಲ್ಲ ಬಿಡಿಸಿಯೇ ಹೇಳಿತ್ತು. ಎಷ್ಟೋ ಸುದ್ದಿಗಳಲ್ಲಿ ಮಾತ್ರ ‘3,800 ದ್ವೇಷಾಪರಾಧ’. ಬೈಗುಳ ನೋಯಿಸುವುದಿಲ್ಲ ಅಂತಲ್ಲ. ಬೈದದ್ದನ್ನು ಬೈದದ್ದು ಎಂದೇ ಬರೆದರೆ ಹೊಡೆದದ್ದಕ್ಕೆ ಅದರ ತೂಕ ಉಳಿಯುತ್ತದೆ.

ನಮ್ಮ ದೇಶದ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಕಷ್ಟ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಯಲ್ಲಿ ‘ದ್ವೇಷಾಪರಾಧ’ ಎಂಬ ಅಧ್ಯಾಯವೇ ಇಲ್ಲ. ಗುಂಪು ಹತ್ಯೆಯ ಅಂಕಿ ಸಂಗ್ರಹಿಸಲು ಒಮ್ಮೆ ಹೊರಟಿದ್ದರು. 2017ರ ವರದಿ 2019ರ ಅಕ್ಟೋಬರ್‌ನಲ್ಲಿ ಬಂದಾಗ ಆ ಭಾಗ ಇರಲಿಲ್ಲ. ಅಂಕಿ ನಂಬುವ ಹಾಗಿಲ್ಲ ಎಂಬುದು ಕೊಟ್ಟ ಕಾರಣ. ಸರ್ಕಾರ ಎಣಿಸದಿದ್ದಾಗ ಪತ್ರಕರ್ತರು ಎಣಿಸಿದರು. ಇಂಡಿಯಾಸ್ಪೆಂಡ್ ತಂಡ 2017ರಲ್ಲಿ ಗೋವಿನ ಹೆಸರಿನ ಹಿಂಸೆಯ ಪಟ್ಟಿ ಮಾಡಿತು. 2010ರಿಂದ 63 ಪ್ರಕರಣ, 28 ಸಾವು, ಸತ್ತವರಲ್ಲಿ 24 ಮಂದಿ ಮುಸ್ಲಿಮರು. ‘ಸತ್ತವರಲ್ಲಿ ಶೇ 86 ಮುಸ್ಲಿಮರು’ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಲೆಕ್ಕ ಸರಿ. ಆದರೆ ಆ ಪಟ್ಟಿ ಮಾಡಿದ್ದು ಇಂಗ್ಲಿಷ್ ಪತ್ರಿಕೆಗಳ ಸುದ್ದಿಯಿಂದ. ಅದನ್ನು ಅವರೇ ಹೇಳಿಕೊಂಡಿದ್ದರು. ಹೀಗೆ ಸುದ್ದಿಯಿಂದ ಪಟ್ಟಿ, ಪಟ್ಟಿಯಿಂದ ಅಧ್ಯಯನ, ಅಧ್ಯಯನದಿಂದ ಮತ್ತೆ ಸುದ್ದಿ. ಮಂಗಳೂರು ಆವೃತ್ತಿಯ ಐದನೇ ಪುಟದಲ್ಲಿ ಕನ್ನಡದಲ್ಲಿ ಎರಡು ಪ್ಯಾರಾ ಬಂದ ಪ್ರಕರಣ ಆ ಬಲೆಗೆ ಬೀಳುವುದೇ ಇಲ್ಲ. ಹಾಗೆಯೇ ವಿಷಯಕ್ಕೆ ಹೆಸರು ಬಂದಮೇಲೆ ಮೊದಲು ಬಿಡುತ್ತಿದ್ದ ಸಣ್ಣ ಪ್ರಕರಣಗಳನ್ನೂ ವರದಿಗಾರರು ಬರೆಯತೊಡಗುತ್ತಾರೆ. ಏರಿದ್ದರಲ್ಲಿ ಹಿಂಸೆ ಎಷ್ಟು, ವರದಿ ಎಷ್ಟು ಎಂದು ಬಿಡಿಸುವುದು ಬಹಳ ಕಷ್ಟ. ಕರಾವಳಿಯಲ್ಲಿ ಬಸ್ ಇಳಿಸಿ ಹುಡುಗ ಹುಡುಗಿಗೆ ಹೊಡೆದದ್ದನ್ನು ನಮ್ಮಲ್ಲಿ ಕೆಲವರು ‘ನೈತಿಕ ಪೊಲೀಸ್‌ಗಿರಿ’ ಎನ್ನುತ್ತೇವೆ, ಕೆಲವರು ‘ಅನೈತಿಕ’ ಎಂದು ತಿದ್ದುತ್ತೇವೆ. ‘ದ್ವೇಷಾಪರಾಧ’ ಎಂದು ಹುಡುಕುವವನಿಗೆ ಎರಡೂ ಸಿಗುವುದಿಲ್ಲ.

ಇದಕ್ಕೆ ತೀರ ಹತ್ತಿರದ ಸರ್ಕಾರಿ ಅಂಕಿ ಅಂದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ಅಪರಾಧಗಳದ್ದು. ಪರಿಶಿಷ್ಟ ಜಾತಿಯವರ ಮೇಲಿನ ಪ್ರಕರಣ 2021ರಲ್ಲಿ 50,900, 2022ರಲ್ಲಿ 57,582. ‘ದಲಿತರ ಮೇಲೆ ದೌರ್ಜನ್ಯ ಶೇ 13 ಏರಿಕೆ’ ಎಂಬ ಹೆಡ್ಡಿಂಗ್ ನಿಮಗೆ ನೆನಪಿರಬಹುದು. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ, ಎರಡನ್ನೂ ಕಲಸಬೇಡಿ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಈ ಎಚ್ಚರಿಕೆ ಪೊಲೀಸರಿಗೆ, ಸರ್ಕಾರಕ್ಕೆ ಅನುಕೂಲದ್ದೂ ಹೌದು, ನಿಜವೂ ಹೌದು. ಠಾಣೆಯಲ್ಲಿ ಎಫ್‌ಐಆರ್ ಹಾಕಿಸಲು ಮೂರು ದಿನ ಅಲೆಯಬೇಕಾದ ತಾಲ್ಲೂಕು ಅಂಕಿಯಲ್ಲಿ ಶಾಂತವಾಗಿ ಕಾಣುತ್ತದೆ. ದೂರು ತೆಗೆದುಕೊಳ್ಳುವ ಒಳ್ಳೆಯ ಸಬ್‌ಇನ್‌ಸ್ಪೆಕ್ಟರ್ ಬಂದ ವರ್ಷ ಅದೇ ತಾಲ್ಲೂಕು ಕೆಟ್ಟುಹೋದಂತೆ ಕಾಣುತ್ತದೆ.

ಸರಿ, ನಿಮ್ಮ ಮಗಳ ಊರಿಗೆ ಬರೋಣ. ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕಚೇರಿ ಪ್ರತಿವರ್ಷ ರಾಜ್ಯದ ದ್ವೇಷಾಪರಾಧ ವರದಿ ಕೊಡುತ್ತದೆ. ಏಷ್ಯನ್ನರ ವಿರುದ್ಧ ದಾಖಲಾದದ್ದು 2019ರಲ್ಲಿ 43, 2020ರಲ್ಲಿ 89, 2021ರಲ್ಲಿ 247. ಏರಿದ್ದು ನಿಜ, ಜೋರಾಗಿಯೇ ಏರಿತ್ತು. ಆ ರಾಜ್ಯದಲ್ಲಿ ಏಷ್ಯಾ ಮೂಲದವರು ಸುಮಾರು 60 ಲಕ್ಷ ಎಂಬುದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ‘ಏಷ್ಯನ್’ ಎಂದಾಗ ಅಮೆರಿಕದವರ ಕಣ್ಣಮುಂದೆ ಮೊದಲು ಬರುವುದು ಚೀನಾ, ಕೊರಿಯಾ ಕಡೆಯವರು. ಬ್ರಿಟನ್ನಿನಲ್ಲಿ ಅದೇ ಪದಕ್ಕೆ ಭಾರತ, ಪಾಕಿಸ್ತಾನ, ಬಾಂಗ್ಲಾದವರು. ಕನ್ನಡದಲ್ಲಿ ಎರಡೂ ‘ಏಷ್ಯನ್ನರು’. ಹಿಂದೂ ವಿರೋಧಿ, ಸಿಖ್ ವಿರೋಧಿ ಎಂಬ ಪ್ರತ್ಯೇಕ ಕಾಲಂಗಳನ್ನು ಎಫ್‌ಬಿಐ ಶುರುಮಾಡಿದ್ದೇ 2015ರಲ್ಲಿ. ಅದಕ್ಕೆ ಮೊದಲು ‘ಇತರೆ’.

ಹಾಗಾಗಿ ಇಂಥ ಸುದ್ದಿ ಕಂಡಾಗ ಹೆಡ್ಡಿಂಗ್ ಬಿಟ್ಟು ಕೊನೇ ಪ್ಯಾರಾದಿಂದ ಓದಲು ಶುರುಮಾಡಿ. ಶೇಕಡಾ ಕಂಡರೆ ಅದರ ಹಿಂದಿನ ಎರಡು ಸಂಖ್ಯೆ ಹುಡುಕಿ. ಸಿಗದಿದ್ದರೆ ಆ ಸುದ್ದಿಯನ್ನು ಅರ್ಧ ನಂಬಿ, ಅರ್ಧ ಬದಿಗಿಡಿ. ಯಾರನ್ನು ನಂಬಬೇಕು ಎಂದು ಕೇಳಿದಿರಿ. ಎಣಿಸಿದ್ದು ಏನು, ಎಣಿಸಿದವರು ಯಾರು ಎಂದು ಮೊದಲ ಎರಡು ವಾಕ್ಯದಲ್ಲಿ ಹೇಳುವವರನ್ನು ನಂಬಬಹುದು. ಅಂಥವರು ಕಡಿಮೆ, ಆದರೆ ಇದ್ದಾರೆ.

ಇನ್ನೊಂದು ಕೆಲಸ ಮಾಡಿ. ಭಾನುವಾರ ಮಗಳು ಫೋನ್ ಮಾಡಿದಾಗ ಕೇಳಿ: ಅಲ್ಲಿ ಅಂಗಡಿಯಲ್ಲೋ ಬಸ್ಸಿನಲ್ಲೋ ಯಾರಾದರೂ ‘ನಿಮ್ಮ ದೇಶಕ್ಕೆ ಹೋಗು’ ಎಂದು ನೂಕಿದರೆ ಪೊಲೀಸರಿಗೆ ಹೇಳ್ತೀಯಾ ಅಂತ. ‘ಅಯ್ಯೋ ಬಿಡಪ್ಪಾ, ಯಾರಿಗೆ ಬೇಕು ಆ ತಲೆನೋವು’ ಎಂದಳು ಅನ್ನಿ. ಆಗ ಮುಂದಿನ ವರ್ಷದ ಹೆಡ್ಡಿಂಗ್‌ನಲ್ಲಿ ಒಂದು ಅಂಕಿ ಕಡಿಮೆ ಬರುತ್ತದೆ.